ಹನ್ನೆರಡು ಫಾರಂ ಮತ್ತು ಎಂಟು ಪುಟ

ನಾನು ಓದಿದ್ದು ಏಳನೇ ಕ್ಲಾಸು, ಮಾಡಿದ್ದು ಕಾದಂಬರಿ ಪ್ರಕಟಿಸಿ ಮಾರುವ ಕೆಲಸ. ಈ ಎರಡನ್ನೂ ಒಟ್ಟಿಗೆ ಹೇಳಿದರೆ ಈಗಿನವರು ಮೊದಲು ನಗುತ್ತಾರೆ, ಆಮೇಲೆ ಹತ್ತಿರ ಬಂದು ಕೂರುತ್ತಾರೆ. ಹಾಗೆ ಬಂದು ಕೂತವಳು ಶಿಕಾರಿಪುರದ ನೇತ್ರಾ. ಬ್ಯಾಂಕಿನ ಕೆಲಸ ಬಿಟ್ಟು, ಯಾರ ಹಂಗೂ ಇಲ್ಲದೆ ತನ್ನದೇ ಪ್ರಕಾಶನ ನಡೆಸಬೇಕೆಂದು ಹೊರಟಿರುವ ಮೂವತ್ತರ ಹೆಂಗಸು. "ಸರೋಜಕ್ಕಾ, ನೀವು ಕಂಡದ್ದು ಕೇಳಿದ್ದು ಬರದು ಕೊಡ್ರಿ. ನಮ್ಮಂಥೋರಿಗೆ ದಾರಿ ಆಗತೈತಿ" ಎಂದು ಒಂದು ನೋಟುಪುಸ್ತಕ ಕೊಟ್ಟು ಹೋದಳು.

ಬರೆಯಲು ಕೂತೆ. ದಾರಿಯನ್ನಷ್ಟೇ ಹೇಳಿ ಮುಗಿಸಿದರೆ ಮೋಸವಾಗುತ್ತದೆ ಅನ್ನಿಸಿತು. ಈ ಕೆಲಸದಲ್ಲಿ ನಾನು ನನ್ನ ಅಣ್ಣನಿಗೆ ಒಂದು ತಪ್ಪು ಮಾಡಿದ್ದೇನೆ. ಅದು ತಪ್ಪೆಂದು ನನಗೇ ತಿಳಿದದ್ದು ಈ ವರ್ಷ. ಅದನ್ನೂ ಬರೆಯುತ್ತೇನೆ.

ನನ್ನ ತವರು ಸೊರಬ ತಾಲ್ಲೂಕಿನ ಕುಪ್ಪಗಡ್ಡೆ. ಕೊಟ್ಟದ್ದು ಶಿರಾಳಕೊಪ್ಪಕ್ಕೆ. ಮದುವೆಯಾದ ಎರಡನೇ ವರ್ಷ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಮುರಿಗೆಪ್ಪನವರ ಪ್ರೆಸ್ಸಿಗೆ ಬೈಂಡಿಂಗ್ ಕೆಲಸಕ್ಕೆ ಸೇರಿದೆ. ಮದುವೆ ಪತ್ರಿಕೆ, ಸೊಸೈಟಿಯ ರಸೀದಿ ಪುಸ್ತಕ, ಅಂಗಡಿಗಳ ಬಿಲ್ಲು ಅಲ್ಲಿಯ ದಿನನಿತ್ಯದ ಕೆಲಸ. ಅಪರೂಪಕ್ಕೆ ಒಂದು ಪುಸ್ತಕ ಬರುತ್ತಿತ್ತು. ಮೊದಲ ಸಲ ಪುಸ್ತಕದ ಹಾಳೆ ನನ್ನ ಮುಂದೆ ಹರಡಿದಾಗ ನನಗೆ ಗಾಬರಿಯಾಯಿತು. ಟವೆಲ್ಲಿನಷ್ಟು ದೊಡ್ಡ ಹಾಳೆ. ಅದರಲ್ಲಿ ಒಂದನೇ ಪುಟದ ಪಕ್ಕ ಹದಿನಾರನೇ ಪುಟ. ಅವೆರಡರ ತಲೆಗೆ ತಲೆ ಕೊಟ್ಟು ಉಲ್ಟಾ ನಿಂತ ಎಂಟು ಮತ್ತು ಒಂಬತ್ತು.

"ಯಜಮಾನ್ರೇ, ಮಷಿನ್ನಿನೋರು ಎಲ್ಲ ತಪ್ಪು ತಪ್ಪು ಒತ್ತಿದಾರೆ" ಎಂದೆ.

ಮುರಿಗೆಪ್ಪನವರು ಹಣೆಯ ವಿಭೂತಿ ಸುಕ್ಕಾಗುವ ಹಾಗೆ ನಕ್ಕರು. "ಕಾಗದಕ್ಕ ಗೊತ್ತೈತವ್ವಾ, ನಿನಗ ಗೊತ್ತಿಲ್ಲ ಅಷ್ಟ. ಮೂರು ಸಲ ಮಡಚು."

ಮಡಚಿದೆ. ಅಂಚು ಸೀಳಿ ತೆರೆದೆ. ಒಂದು, ಎರಡು, ಮೂರು, ನಾಲ್ಕು... ಹದಿನಾರರವರೆಗೂ ಸಾಲಾಗಿ ನಿಂತಿದ್ದವು. ಅದಕ್ಕೆ ಫಾರಂ ಎನ್ನುತ್ತಾರೆ. ಇಂಥ ಹತ್ತು ಹನ್ನೆರಡು ಫಾರಂ ಸೇರಿಸಿ ಬೆನ್ನಿಗೆ ಹೊಲಿದರೆ ಒಂದು ಕಾದಂಬರಿ. ಆಮೇಲೆ ಲೆಕ್ಕವಿಲ್ಲದಷ್ಟು ಫಾರಂ ಮಡಚಿದ್ದೇನೆ. ಚೆಲ್ಲಾಪಿಲ್ಲಿ ಬಿದ್ದ ಮಾತು ಮೂರು ಮಡಿಕೆಗೆ ಕತೆಯಾಗುವುದನ್ನು ನೋಡಿದಾಗ ಇವತ್ತಿಗೂ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.

ಅಣ್ಣ ಹಾಲೇಶಪ್ಪ ನನಗಿಂತ ಒಂದು ವರ್ಷಕ್ಕೆ ದೊಡ್ಡವನು. ಸರ್ವೆ ಇಲಾಖೆಯಲ್ಲಿ ಭೂಮಾಪಕ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಹೊಲಗಳಲ್ಲಿ ಸರಪಳಿ ಹಿಡಿದು ನಡೆದವನು. ಜಮೀನು ಪಾಲು ಮಾಡುವ ಪೋಡಿ ಅಳತೆಗೆ ಹೋದಲ್ಲಿ ಅಣ್ಣತಮ್ಮಂದಿರು ಒಂದು ಮೊಳ ಬದುವಿಗೆ ಬಡಿದಾಡುವುದನ್ನು ನೋಡಿ, ಸಂಜೆ ಕೂತು ಬರೆಯುತ್ತಿದ್ದ. ಹಾಗೆ ಹುಟ್ಟಿದ್ದು ಅವನ ಮೊದಲ ಕಾದಂಬರಿ. ದೊಡ್ಡ ಊರಿನ ಪ್ರಕಾಶಕರೊಬ್ಬರಿಗೆ ಕಳಿಸಿದ. ಕಟ್ಟು ಕಟ್ಟಿಕೊಟ್ಟವಳು ನಾನೇ. ಎರಡು ವರ್ಷದ ಮೇಲೆ ಅದು ವಾಪಸು ಬಂತು. ನೋಡುತ್ತೇನೆ, ನಾನು ಹಾಕಿದ ಬೈಂಡಿಂಗಿನ ಗಂಟು ಹಾಕಿದ ಹಾಗೇ ಇದೆ. ಬಿಚ್ಚಿಯೇ ಇರಲಿಲ್ಲ. ಓದದೆ ಬೇಡ ಎಂದ ಆ ಮಹಾಶಯರಿಗೆ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಆ ಸಿಟ್ಟಿನಲ್ಲೇ, "ಅಣ್ಣ, ನಾವೇ ಮಾಡಣ. ಮಡಚಾಕೆ ನಾನಿದೀನಿ, ಬರೆಯಾಕೆ ನೀನಿದೀಯ" ಎಂದುಬಿಟ್ಟೆ. ನಮ್ಮ ಪ್ರಕಾಶನ ಶುರುವಾದದ್ದು ಹೀಗೆ.

ಮೊದಲ ಪುಸ್ತಕಕ್ಕೇ ನಾನು ಎಡವಿದೆ. ಬಟ್ಟೆಗೆ ಇರುವಂತೆ ಕಾಗದಕ್ಕೂ ಒಂದು ಎಳೆ ಇರುತ್ತದೆ. ಆ ಎಳೆ ಪುಸ್ತಕದ ಬೆನ್ನಿನ ಉದ್ದಕ್ಕೆ ಬರುವಂತೆ ಹಾಳೆ ಕತ್ತರಿಸಬೇಕು. ಬಿಸಾಡುವ ತುಂಡು ಕಡಿಮೆ ಬೀಳುತ್ತದೆಂದು ನಾನು ಅಡ್ಡಕ್ಕೆ ಕತ್ತರಿಸಿ ಕೊಟ್ಟೆ. ಬೇಸಿಗೆಯಲ್ಲಿ ಏನೂ ಕಾಣಲಿಲ್ಲ. ಮಳೆ ಶುರುವಾದದ್ದೇ ತಡ, ಪುಸ್ತಕಗಳೆಲ್ಲ ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿ ತಾವೇ ತೆರೆದುಕೊಂಡವು. ಸೊರಬದ ಅಂಗಡಿಯವರು ಅವುಗಳ ಮೇಲೆ ಸಕ್ಕರೆ ಮೂಟೆ ಇಟ್ಟು ನೋಡಿದರು. ಮೂಟೆ ತೆಗೆದರೆ ಮತ್ತೆ ಅದೇ ಕತೆ.

"ಸರೋಜಾ, ನಿಮ್ಮಣ್ಣನ ಕಾದಂಬರಿ ಬಾಯಿ ಮುಚ್ಚವಲ್ದಲ್ಲೇ!" ಎಂದು ಮುರಿಗೆಪ್ಪನವರು ಬಂದವರ ಎದುರಿಗೆಲ್ಲ ಆಡಿಕೊಂಡರು. ಅವರು ಬೈಯುತ್ತಿದ್ದದ್ದೇ ಹಾಗೆ. ಆದರೆ ಮಾರನೇ ದಿನ ನನ್ನನ್ನು ಕೂರಿಸಿಕೊಂಡು, ಕಾಗದದ ಒಂದು ಚೂರನ್ನು ನಾಲಿಗೆಗೆ ತಾಗಿಸಿ, ಅದು ಯಾವ ಕಡೆಗೆ ಸುರುಳಿಯಾಗುತ್ತದೆ ನೋಡಿ ಎಳೆ ಗುರುತಿಸುವುದನ್ನು ಕಲಿಸಿದರು. ಕೆಲಸ ಕಲಿಯುವವರಿಗೆ ಅವರಂಥ ಯಜಮಾನರು ಸಿಗಲಿ.

ಪುಸ್ತಕ ಮಾಡುವುದು ಅರ್ಧ ಕೆಲಸ. ಮಾರುವುದೇ ಉಳಿದದ್ದು. ಶಿರಾಳಕೊಪ್ಪದ ಸಂತೆಯಲ್ಲಿ ಮೆಣಸಿನಕಾಯಿ ರಾಶಿಯ ಪಕ್ಕ ಗೋಣಿ ಹಾಸಿ ಕೂತು ನೋಡಿದೆ. ಜನ ಪುಸ್ತಕ ಎತ್ತಿಕೊಳ್ಳುತ್ತಿದ್ದರು, ಒಂದು ಸೀನು ಸೀನುತ್ತಿದ್ದರು, ಅಲ್ಲೇ ಇಟ್ಟು ಹೋಗುತ್ತಿದ್ದರು. ಸಂತೆಗೆ ಬಂದವರಿಗೆ ಪುರುಸೊತ್ತಿರುವುದಿಲ್ಲ. ಕಾದಂಬರಿ ಬೇಕಾದದ್ದು ಕಾಯುತ್ತಾ ಕೂತವರಿಗೆ. ನಮ್ಮ ಕಡೆ ಹೆಂಗಸರು ಬೇರೆ ಕೆಲಸವಿಲ್ಲದೆ ಕಾಯುತ್ತಾ ಕೂರುವ ಜಾಗ ಒಂದೇ, ಹಿಟ್ಟಿನ ಗಿರಣಿ. ಕರೆಂಟು ಹೋದರಂತೂ ಅರ್ಧ ದಿನ ಅಲ್ಲೇ.

ಗಿರಣಿಗೆ ಒಂದೊಂದು ಪ್ರತಿಯನ್ನು ದಾರಕ್ಕೆ ಕಟ್ಟಿ ನೇತುಹಾಕತೊಡಗಿದೆ. ಆ ಪ್ರತಿಗೆ ಕೊನೆಯ ಎರಡು ಫಾರಂ ಹೊಲಿಯುತ್ತಿರಲಿಲ್ಲ. ಓದುತ್ತಾ ಓದುತ್ತಾ ಒಂದು ಸಾಲಿನ ಮಧ್ಯದಲ್ಲಿ ಪುಸ್ತಕ ನಿಂತುಬಿಡುತ್ತಿತ್ತು. ಮರುವಾರ ನಾನು ಹೋದರೆ ಹಿಟ್ಟು ಮೆತ್ತಿದ ಕೈಯಲ್ಲೇ ಹಿಡಿದುಕೊಳ್ಳುತ್ತಿದ್ದರು. "ಏನ್ರೀ ಇದು, ಆಕಿ ಬಾವಿ ಕಡಿ ಹ್ವಾದ್ಲು ಅಂತ ಬರದು ಬಿಟ್ಟಾರಲ್ಲ, ಬಿದ್ಲಾ ಇಲ್ಲಾ?" "ಪುಸ್ತಕ ತಗಳ್ರೀ, ಗೊತ್ತಾಗ್ತದೆ." ಬೈಯುತ್ತಾ ತೆಗೆದುಕೊಳ್ಳುತ್ತಿದ್ದರು. ಕುಪ್ಪಗಡ್ಡೆ ಗಿರಣಿಯಲ್ಲಿ ಒಬ್ಬ ಮುದುಕಿ ಮಾತ್ರ ಕೊಳ್ಳಲಿಲ್ಲ. "ಮುಂದಿಂದು ನಾನೇ ಹೇಳ್ತೀನಿ ಕೂತ್ಕಾ" ಎಂದು ಅರ್ಧ ಗಂಟೆ ಕತೆ ಹೇಳಿದಳು. ಅದನ್ನು ಅಣ್ಣನಿಗೆ ಹೇಳಿದೆ. ಅವನು, "ನಂದಕ್ಕಿಂತ ಅದೇ ಚಲೋ ಇದೆ" ಎಂದ.

ಇಲ್ಲಿ ನನ್ನ ಗುಟ್ಟೊಂದನ್ನು ಹೇಳಬೇಕು. ನಾನು ಅಣ್ಣನ ಕಾದಂಬರಿಗಳನ್ನು ಓದುತ್ತಿರಲಿಲ್ಲ. ಒಂದನ್ನೂ ಓದಿರಲಿಲ್ಲ. ಮಡಚುವಾಗ ಕಣ್ಣಿಗೆ ಬಿದ್ದ ಚೂರುಪಾರು ಅಷ್ಟೇ. ಪುರುಸೊತ್ತಿಲ್ಲ, ಕಣ್ಣು ಉರಿಯುತ್ತದೆ ಎಂದೆಲ್ಲ ನನಗೇ ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ, ಓದು ನನ್ನ ಕೈತಪ್ಪಿ ಹೋದದ್ದು. ಏಳನೇ ಕ್ಲಾಸಿನಲ್ಲಿ ನಾನು ಶಾಲೆಗೇ ಮೊದಲು. ಸೊರಬದ ಹೈಸ್ಕೂಲಿಗೆ ಹೋಗುತ್ತೇನೆ ಎಂದು ಕುಣಿಯುತ್ತಿದ್ದೆ. ಹೆಣ್ಣುಮಕ್ಕಳಿಗೆ ಜಾಗವಿಲ್ಲವಂತೆ ಎಂದು ಗೊತ್ತಾಯಿತು, ಅಲ್ಲಿಗೆ ಮುಗಿಯಿತು. ಅದಾದ ಮೇಲೆ ದಪ್ಪ ಪುಸ್ತಕ ತೆರೆದು ಕೂತವರನ್ನು ಕಂಡರೆ, ನನ್ನನ್ನು ಬಿಟ್ಟು ಹೊರಟ ಬಸ್ಸಿನ ಕಿಟಕಿಯಲ್ಲಿ ಕೂತವರ ಹಾಗೆ ಕಾಣುತ್ತಿದ್ದರು. ಪುಸ್ತಕವನ್ನು ಹೊಲಿಯುವುದು, ಕತ್ತರಿಸುವುದು, ಹೊರುವುದು, ಮಾರುವುದು ಏನು ಬೇಕಾದರೂ ಮಾಡಿಯೇನು, ಓದು ಮಾತ್ರ ಆಗಲಿಲ್ಲ.

ಓದಿಲ್ಲ ಎಂದರೆ ಮಾರುವುದು ಹೇಗೆ? ಅದಕ್ಕೊಂದು ಉಪಾಯ ಕಂಡುಕೊಂಡಿದ್ದೆ. ಒಮ್ಮೆ ಚಂದ್ರಗುತ್ತಿಯಲ್ಲಿ ಒಬ್ಬ ಹೂವಿನಂಗಡಿಯಾಕೆ ಕೇಳಿದಳು, "ಅಲ್ಲಾ, ಕೊನೀಗೆ ಅವನು ಎತ್ತು ಯಾಕೆ ವಾಪಸ್ ಕೊಟ್ಟ? ನೀವು ಓದಿದೀರಲ್ಲ, ಹೇಳಿ." ನಾನು ಗತ್ತಿನಿಂದ, "ನೀವು ಏನಂತ ತಿಳ್ಕಂಡ್ರಿ, ಮೊದ್ಲು ಅದ್ನ ಹೇಳಿ" ಎಂದೆ. ಹೂ ಕಟ್ಟುವುದನ್ನು ನಿಲ್ಲಿಸಿ ಹೇಳತೊಡಗಿದಳು. ಎತ್ತಿನ ಕತೆಯಿಂದ ತನ್ನ ತವರಿಗೆ ಹೋದಳು, ಅಲ್ಲಿಂದ ತೀರಿಕೊಂಡ ಗಂಡನಿಗೆ ಬಂದಳು, ಕಣ್ಣೊರೆಸಿಕೊಂಡು ಮತ್ತೆ ಎತ್ತಿಗೆ ಬಂದಳು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಮೈ ಜುಮ್ಮೆನ್ನುತ್ತಿತ್ತು. ಅಣ್ಣ ಸೊರಬದ ಒಂದು ಕೋಣೆಯಲ್ಲಿ ಕೂತು ಬರೆದದ್ದು, ನಾನು ಶಿರಾಳಕೊಪ್ಪದಲ್ಲಿ ಹೊಲಿದದ್ದು. ಅದು ಹೋಗಿ ಯಾರೋ ಒಬ್ಬಳ ಹೊಟ್ಟೆಯೊಳಗೆ ಕೂತಿತ್ತಲ್ಲ! ಅಣ್ಣನ ಕಾದಂಬರಿಗಳು ನನಗೆ ಗೊತ್ತಾದದ್ದೆಲ್ಲ ಹೀಗೆ, ಓದಿದವರ ಬಾಯಿಂದ. ಒಂದೇ ಕಾದಂಬರಿ ಹತ್ತು ಬಾಯಲ್ಲಿ ಹತ್ತು ಥರ. ಹೊಸಬರಿಗೆ ಒಂದು ಮಾತು: ಓದಿದವರು ಮಾತಾಡುವಾಗ ನಡುವೆ ಬಾಯಿ ಹಾಕಬೇಡಿ. ಅದಕ್ಕಿಂತ ದೊಡ್ಡ ಪಾಠ ಈ ಕೆಲಸದಲ್ಲಿಲ್ಲ. ಆದರೆ ನೀವು ಓದದೆ ಇರಬೇಡಿ.

ಈಗ ನಾಲ್ಕನೇ ಕಾದಂಬರಿಗೆ ಬರುತ್ತೇನೆ.

ಆ ಹೊತ್ತಿಗೆ ಅಚ್ಚುಮೊಳೆ ಹೋಗಿ ಕಂಪ್ಯೂಟರ್ ಬಂದಿತ್ತು. ಮುರಿಗೆಪ್ಪನವರು ಹಳೆಯದೊಂದು ಆಫ್‌ಸೆಟ್ ಮಷಿನ್ ತಂದಿದ್ದರು. ಗ್ರಂಥಾಲಯಗಳು ಪುಸ್ತಕ ಕೊಳ್ಳಬೇಕಾದರೆ ಅದು ಆ ವರ್ಷವೇ ಅಚ್ಚಾಗಿರಬೇಕು, ಹಾಗಾಗಿ ನಮ್ಮಂಥ ಸಣ್ಣ ಪ್ರಕಾಶಕರಿಗೆ ಡಿಸೆಂಬರ್ ಬಂತೆಂದರೆ ಉಸಿರಾಡಲು ಬಿಡುವಿಲ್ಲ. ಅಣ್ಣ ಆ ವರ್ಷ ತಡವಾಗಿ ಹಸ್ತಪ್ರತಿ ತಂದ. ಯಾವಾಗಲೂ ಕರಡು ತಿದ್ದುವವನು ಅವನೇ. ಆ ಸಲ ಚಂದ್ರಗುತ್ತಿಯಿಂದಾಚೆ ಅಳತೆಯ ಕೆಲಸ ಬಿದ್ದಿತ್ತು, ಫೋನೂ ಸಿಗದ ಜಾಗ. ಹೊರಡುವ ಮುಂಚೆ ಬಟ್ಟೆಯಲ್ಲಿ ಸುತ್ತಿದ ಹಸ್ತಪ್ರತಿಯನ್ನು ನನ್ನ ಕೈಯಲ್ಲಿಟ್ಟ.

"ಈ ಸಲ ನೀನು ಓದ್ಬೇಕು ಸರೋಜಾ. ನೀನು ಓದಿದ ಮೇಲೇ ಅಚ್ಚಿಗೆ ಹೋಗ್ಲಿ. ನಾನು ಕರಡು ನೋಡಲ್ಲ."

"ಓದ್ತೀನಿ ಬಿಡ ಅಣ್ಣ."

"ಪೂರ್ತಿ."

"ಅಯ್ಯ, ಓದ್ತೀನಿ ಅಂದ್ನಲ್ಲ."

ಮಾರನೇ ಬೆಳಿಗ್ಗೆ ಸುತ್ತಿದ ಬಟ್ಟೆ ಬಿಚ್ಚದೆ ಡಿಟಿಪಿ ಅಂಗಡಿಗೆ ಕೊಟ್ಟೆ. ಅಂಗಡಿಯವನು ಟೈಪು ಮಾಡಿ, ತಾನೇ ಕರಡು ನೋಡಿ, ಬೆಳಕು ಹಾಯುವ ಬಟರ್ ಪೇಪರಿನ ಮೇಲೆ ಪುಟಗಳನ್ನು ತೆಗೆದುಕೊಟ್ಟ. ಹಸ್ತಪ್ರತಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ವಾಪಸು ಕೊಟ್ಟ, ಹಾಗೇ ಟ್ರಂಕಿಗೆ ಹಾಕಿದೆ. ಎಣಿಸಿದೆ. ಹನ್ನೆರಡು ಫಾರಂ ಆಗಿ ಮೇಲೆ ಎಂಟು ಪುಟ ಉಳಿಯಿತು.

ಮುರಿಗೆಪ್ಪನವರು ತಲೆ ಕೆರೆದುಕೊಂಡರು. "ಕಾಗದ ಹನ್ನೆರಡು ಫಾರಂಗೆ ಸರಿ ಐತಿ ನೋಡು. ಲಾರಿ ಇನ್ನ ಹೊಸಾ ವರ್ಷಕ್ಕ ಬರೂದು."

"ಅಕ್ಷರ ಸಣ್ಣ ಮಾಡಿದ್ರೆ?"

"ಮಾಡು. ಎಲ್ಲಾ ಪುಟ ಮತ್ತ ತಗಸಬೇಕು, ಮತ್ತ ಕರಡು ನೋಡಬೇಕು. ದಿನ ಎಲ್ಲಿ ಅದಾವ? ಎಂಟು ಪುಟ ತಗದು ಒಗಿ ಅತ್ತ. ಎಲ್ಲಿ ಮಂದಿ ಮಾತಾಡೂದಿಲ್ಲೋ ಅಂಥಲ್ಲಿ ತಗಿ. ಮಾತಿಲ್ಲದ ಪುಟ ಯಾರು ಓದತಾರ?"

ನಾನು ಬಟರ್ ಪೇಪರುಗಳನ್ನು ಬೆಳಕಿಗೆ ಹಿಡಿದು ಒಂದೊಂದೇ ಮಗುಚಿದೆ. ಮಾತು ಇರುವ ಕಡೆ ಸಾಲಿನ ಹಿಂದೆ ಮುಂದೆ ಆ ಎರಡೆರಡು ಗೀಟು ಇರುತ್ತದಲ್ಲ, ಅದಿಲ್ಲದ ಪುಟ ಹುಡುಕಿದೆ. ಹದಿನೇಳನೇ ಅಧ್ಯಾಯ ಸಿಕ್ಕಿತು. ಒಬ್ಬ ಹುಡುಗ ಶಾಲೆಯಿಂದ ಮನೆಗೆ ನಡೆಯುತ್ತಾನೆ, ಅಷ್ಟೇ ಕಂಡಿತು. ಒಂದು ಗೀಟೂ ಇಲ್ಲ. ಅಳತೆ ಮಾಡಿದ ಹಾಗೆ ಎಂಟು ಪುಟ. ದೇವರೇ ತೆಗೆದಿಟ್ಟ ಹಾಗಿತ್ತು. ಎತ್ತಿ ಪಕ್ಕಕ್ಕಿಟ್ಟೆ. ಡಿಟಿಪಿಯವನು ಮುಂದಿನ ಅಧ್ಯಾಯಗಳ ಸಂಖ್ಯೆ, ಪುಟಗಳ ಸಂಖ್ಯೆ ಸರಿಮಾಡಿಕೊಟ್ಟ. ವರ್ಷ ಮುಗಿಯುವ ಮುಂಚೆ ಪುಸ್ತಕ ಹೊರಬಂತು.

ಅಣ್ಣ ಬಂದ ದಿನ ನಾನು ರಟ್ಟಿಗೆ ಅಂಟು ಹಚ್ಚುತ್ತಿದ್ದೆ. ಕಾಗದದ ಕಟ್ಟಿನ ಮೇಲೆ ಕೂತು ಪುಸ್ತಕ ತೆರೆದ. ಮುಖಪುಟ ನೋಡಲಿಲ್ಲ, ನೇರವಾಗಿ ಹಿಂದಿನ ಪುಟಗಳಿಗೆ ಹೋದ. ಒಂದು ಕಡೆ ನಿಂತ. ಹಿಂದೆ ಮುಂದೆ ಮಗುಚಿದ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣ ಮುಂದಿದೆ.

"ಹದಿನೇಳು... ನೀನೇ ತೆಗ್ದ್ಯಾ?"

"ಹೂಂ ಅಣ್ಣ, ನಾನೇ. ಎಂಟೇ ಪುಟ ಅಲ್ದಾ. ಏನಾತು ಅದಕ್ಕೆ, ಬಿಡು!"

ಅವನ ಕಣ್ಣು ತುಂಬಿತು. ಎದ್ದು ಬಂದು ನನ್ನ ಅಂಟಾದ ಕೈಯನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡ. "ನೀನು ದೊಡ್ಡೋಳು ಸರೋಜಾ. ನನ್ನಿಂದ ಆಗ್ತಿರ್ಲಿಲ್ಲ" ಎಂದ. ಹಣೆಯ ಮೇಲೆ ಮೈದಾ ಅಂಟು ಮೆತ್ತಿತು, ಒರೆಸಿಕೊಳ್ಳಲಿಲ್ಲ. ವರ್ಷದೊಳಗೆ ಪುಸ್ತಕ ತಂದೆನೆಂದು ಇಷ್ಟು ಮೆಚ್ಚಿದನಲ್ಲ ಎಂದು ನಾನು ಹಿಗ್ಗಿದೆ.

ಅಲ್ಲಿಂದ ಅಣ್ಣ ಬದಲಾದ. ನಾನು ಕೂರುವವರೆಗೆ ಅವನು ಕೂರುತ್ತಿರಲಿಲ್ಲ. ಮನೆಯ ಯಾವ ಮಾತಿಗೂ, "ಸರೋಜ ಏನಂತಾಳೆ ಕೇಳಿ" ಎನ್ನುತ್ತಿದ್ದ. ಅತ್ತಿಗೆ, "ದೇವರಿಗಿಂತ ತಂಗಿಗೇ ಪೂಜೆ ಜಾಸ್ತಿ ಆತು" ಎಂದು ಚುಚ್ಚುತ್ತಿದ್ದರು. ಐದು, ಆರು, ಏಳನೇ ಕಾದಂಬರಿಗಳ ಅರ್ಪಣೆಯ ಪುಟದಲ್ಲಿ ಒಂದೇ ಸಾಲು ಇತ್ತು: ಓದಿ ಸುಮ್ಮನಿದ್ದವಳಿಗೆ. ಅದು ಅತ್ತಿಗೆಗೆ ಎಂದುಕೊಂಡು ಮಡಚಿದ್ದೇನೆ.

ನಂತರದ ವರ್ಷಗಳನ್ನು ಬೇಗ ಹೇಳುತ್ತೇನೆ. ಮುರಿಗೆಪ್ಪನವರು ತೀರಿಕೊಂಡರು, ಮಕ್ಕಳು ಪ್ರೆಸ್ಸಿನ ಜಾಗದಲ್ಲಿ ಬೇರೆ ವ್ಯಾಪಾರ ಹಾಕಿದರು. ಪುಸ್ತಕಗಳನ್ನು ಹೊಲಿಯುವುದು ಹೋಗಿ ಬೆನ್ನಿಗೆ ಬಿಸಿ ಗೋಂದು ಹಚ್ಚುವುದು ಬಂತು. ಗಿರಣಿಗಳಲ್ಲೂ ಹೆಂಗಸರ ಕೈಗೆ ಫೋನು ಬಂತು. ನನ್ನ ಬೆರಳುಗಳ ಗಂಟು ನೋಯತೊಡಗಿ ಮಡಿಕೆ ಸೊಟ್ಟ ಬೀಳತೊಡಗಿದಾಗ ಕೆಲಸ ನಿಲ್ಲಿಸಿದೆ. ಇನ್ನು ಮುಗಿಯಿತು ಎಂದುಕೊಂಡೆ. ಆಗ ಬಂದವಳು ನೇತ್ರಾ. ಅವಳ ಕೆಲಸದ ರೀತಿಯೇ ಬೇರೆ. ಫೋನಿನಲ್ಲೇ ಜನ ಪುಸ್ತಕ ಕೇಳುತ್ತಾರೆ, ಕೇಳಿದಷ್ಟೇ ಪ್ರತಿ ಅಚ್ಚಾಗುತ್ತದೆ. ಹತ್ತು ಬೇಕಾದರೆ ಹತ್ತು. ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೇರಿಸುವ ಕಟ್ಟುಗಳೇ ಇಲ್ಲ. ಬದುಕೆಲ್ಲ ಆ ಕಟ್ಟುಗಳ ಕೆಳಗೆ ಬಗ್ಗಿ ಓಡಾಡಿದವಳು ನಾನು.

ಅಣ್ಣನ ನಾಲ್ಕನೇ ಕಾದಂಬರಿಯನ್ನು ಮತ್ತೆ ತರುತ್ತೇನೆ ಎಂದಳು. ಕಂಪ್ಯೂಟರಿನ ಹಳೆಯ ಫೈಲು ಎಲ್ಲೂ ಇರಲಿಲ್ಲ. ನನ್ನ ಟ್ರಂಕಿನಿಂದ ಹಸ್ತಪ್ರತಿ ತೆಗೆದುಕೊಟ್ಟೆ. ವಾರದ ಮೇಲೆ ಫೋನು ಮಾಡಿ ಶಿಕಾರಿಪುರಕ್ಕೆ ಕರೆಸಿಕೊಂಡಳು.

"ಅಕ್ಕಾ, ಹದಿನೇಳನೇ ಅಧ್ಯಾಯ ಪುಸ್ತಕದಾಗ ಇಲ್ಲಲ್ರೀ?"

"ಅದಾ? ನಾನೇ ತೆಗ್ಸಿದ್ದು. ಕಾಗದ ಸಾಲ್ಲಿಲ್ಲ."

"ಓದಿ ತಗಸಿದ್ರ್ಯಾ?"

ಅವಳು ಹಸ್ತಪ್ರತಿಯನ್ನು ನನ್ನ ಮುಂದೆ ತಳ್ಳಿದಳು. ಅಧ್ಯಾಯದ ಮೊದಲ ಪುಟಕ್ಕೆ ಗುಂಡುಪಿನ್ನಿನಲ್ಲಿ ಒಂದು ಚೀಟಿ ಚುಚ್ಚಿತ್ತು. ಪಿನ್ನಿನ ತುಕ್ಕು ಕಾಗದಕ್ಕೆ ಇಳಿದಿತ್ತು. ಡಿಟಿಪಿಯವನು ಅದನ್ನು ಕಂಡರೂ, ನಾನು ಓದಿಯೇ ಕೊಟ್ಟಿದ್ದೇನೆ ಎಂದುಕೊಂಡಿರಬೇಕು. ಅಣ್ಣನ ಅಕ್ಷರ: "ಸರೋಜಾ, ಇದು ಇರಬೇಕೋ ತೆಗೆಯಬೇಕೋ ನೀನೇ ಹೇಳು. ನೀನು ತೆಗೆದರೆ, ನನ್ನ ತಪ್ಪು ಊರಿಗೆ ತಿಳಿಯುವುದು ಬೇಡ ಎಂದು ನೀನು ಮನ್ನಿಸಿದೆ ಎಂದುಕೊಳ್ಳುತ್ತೇನೆ."

"ನೀನೇ ಓದು ನೇತ್ರಾ" ಎಂದೆ. ಓದಿದಳು.

ಎಂಟನೇ ಕ್ಲಾಸಿನಲ್ಲಿ ಫೇಲಾದ ಒಬ್ಬ ಹುಡುಗ. ಅವನ ತಂಗಿ ಏಳನೇ ಕ್ಲಾಸಿನಲ್ಲಿ ಶಾಲೆಗೇ ಮೊದಲು. ತಂಗಿಯ ಮೇಷ್ಟ್ರು ಅವನನ್ನು ಊರ ಶಾಲೆಗೆ ಕರೆದು ಒಂದು ಅರ್ಜಿ ಕೊಡುತ್ತಾರೆ. ಸೊರಬದ ಹೈಸ್ಕೂಲಿನಲ್ಲಿ ಅವಳಿಗೆ ಸೀಟು ಇದೆ, ಹುಡುಗಿಯರ ಹಾಸ್ಟೆಲಿನಲ್ಲಿ ಜಾಗವೂ ಇದೆ, ಅಪ್ಪನ ಹೆಬ್ಬೆಟ್ಟು ಹಾಕಿಸಿಕೊಂಡು ಬಾ ಎಂದು. ಹುಡುಗ ನಡೆಯುತ್ತಾನೆ. ತಂಗಿ ಬಂದರೆ ತನ್ನದೇ ಕ್ಲಾಸಿಗೆ ಬರುತ್ತಾಳೆ. ಮುಂದಿನ ಬೆಂಚಿನಲ್ಲಿ ಕೂತು ಉತ್ತರ ಹೇಳುತ್ತಾಳೆ. ಹಿಂದಿನ ಬೆಂಚಿನ ತನ್ನನ್ನು ಎಲ್ಲರೂ ತಿರುಗಿ ನೋಡುತ್ತಾರೆ. ಎಂಟು ಪುಟದ ತುಂಬ ಅದೇ ನಡಿಗೆ, ಅದೇ ಯೋಚನೆ. ದಾರಿಯಲ್ಲಿ ಹೊಲದ ಗಡಿಯ ಕಲ್ಲೊಂದರ ಬುಡದಲ್ಲಿ ಅರ್ಜಿಯನ್ನು ತುರುಕಿ ಮಣ್ಣು ಮುಚ್ಚುತ್ತಾನೆ. ದೊಡ್ಡವನಾಗಿ ಭೂಮಾಪಕನಾದ ಮೇಲೂ ಗಡಿಕಲ್ಲು ಕಂಡಲ್ಲೆಲ್ಲ ಅವನ ಕಣ್ಣು ಮೊದಲು ಹೋಗುವುದು ಬುಡಕ್ಕೆ. ಆ ದಿನ ಮನೆಗೆ ಹೋಗಿ ಅವನು ಆಡಿದ ಮಾತನ್ನೂ ಅಣ್ಣ ಗೀಟು ಹಾಕದೆ, ಬೇರೆ ಸಾಲುಗಳ ನಡುವೆ ಸೇರಿಸಿ ಬರೆದಿದ್ದ. ಮೇಷ್ಟ್ರು ಹೆಣ್ಣುಮಕ್ಕಳಿಗೆ ಜಾಗ ಇಲ್ಲ ಅಂದ್ರು.

ಅದು ನಾನು ಕೇಳಿದ ಮಾತು. ಒಂದಕ್ಷರ ಆಚೀಚೆ ಇಲ್ಲ. ಆ ದಿನ ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ.

ಶಿರಾಳಕೊಪ್ಪಕ್ಕೆ ಹೇಗೆ ವಾಪಸು ಬಂದೆನೋ ಗೊತ್ತಿಲ್ಲ. ಮೂರು ದಿನ ಅಣ್ಣನ ಫೋನು ಎತ್ತಲಿಲ್ಲ. ಮೊಮ್ಮಕ್ಕಳನ್ನು ಕಂಡ ಹೆಂಗಸಿನ ಸಿಟ್ಟಲ್ಲ ಅದು, ಮೊರ ಹಿಡಿದು ಕೂತಿದ್ದ ಆ ಹುಡುಗಿಯ ಸಿಟ್ಟು. ಮೊರವನ್ನು ಅವನ ಮುಖಕ್ಕೆ ಎಸೆಯಬೇಕು ಅನ್ನಿಸುತ್ತಿತ್ತು. ನಾಲ್ಕನೇ ದಿನ ಇನ್ನೊಂದು ಹೊಳೆಯಿತು. ಇವನು ಇದನ್ನು ಬರೆದ. ಬರೆದು, ಊರಿಗೆಲ್ಲ ತಿಳಿಯಲಿ ಎಂದು ಅಚ್ಚಿಗೇ ಕೊಟ್ಟ. ಉಳಿಸುವ, ಅಳಿಸುವ ಅಧಿಕಾರವನ್ನು ನನ್ನ ಕೈಗಿಟ್ಟ. ಎಂಥ ಎದೆ ಬೇಕು ಅದಕ್ಕೆ! ಗಂಟು ಬಿಚ್ಚದ ಪ್ರಕಾಶಕರನ್ನು ವರ್ಷಗಟ್ಟಲೆ ಬೈದವಳು, ನನ್ನ ಅಣ್ಣ ಓದು ಎಂದು ಕೊಟ್ಟ ಕಟ್ಟನ್ನು ನಾನೂ ಬಿಚ್ಚಲಿಲ್ಲ. ನಾನು ಕೊಡದ ಕ್ಷಮೆಯನ್ನು ನಂಬಿ ಅವನು ಇಷ್ಟು ವರ್ಷ ನನ್ನ ಮುಂದೆ ತಲೆ ಬಾಗಿಸಿದ. ನಾನು ಅದನ್ನು ಹಾಯಾಗಿ ತೆಗೆದುಕೊಂಡೆ.

ಮತ್ತೆ ಶಿಕಾರಿಪುರಕ್ಕೆ ಹೋಗಿ, ಅಣ್ಣನಿಗೆ ನಿಜ ಹೇಳಿಬಿಡುತ್ತೇನೆ ಎಂದೆ. "ಹೇಳಬ್ಯಾಡ್ರಿ ಅಕ್ಕಾ" ಎಂದಳು ನೇತ್ರಾ. "ವಯಸ್ಸಾಗೈತಿ ಅವರಿಗೆ. ಕ್ಷಮಾ ಸಿಕ್ಕೈತಿ ಅಂತ ನೆಮ್ಮದಿಲೆ ಅದಾರ. ಯಾಕ ಕಸಗೋತೀರಿ?"

ಅವಳ ಮಾತು ಸುಳ್ಳಲ್ಲ. ಹೇಳಿದರೆ ಅವನಿಗೆ ನೆಲವೇ ಕುಸಿಯಬಹುದು. ಆದರೆ ಓದದ ಪುಸ್ತಕಗಳನ್ನು ಓದಿದ್ದೇನೆ ಎಂದು ಹೇಳಿ ಮಾರಿ ಮುಗಿಸಿದ್ದೆ. ಓದದ ಈ ಎಂಟು ಪುಟವನ್ನೂ ಓದಿದವಳ ಹಾಗೆ ನಟಿಸಿ ಸಾಯುವುದು ನನ್ನಿಂದ ಆಗಲಿಲ್ಲ. ಹಸ್ತಪ್ರತಿಯ ಆ ಹಾಳೆಗಳನ್ನು ತೆಗೆದುಕೊಂಡು ಸೊರಬದ ಬಸ್ಸು ಹತ್ತಿದೆ.

ಅಣ್ಣನಿಗೆ ಕಣ್ಣಿನ ಪೊರೆ ತೆಗೆಸಿ ವಾರವಾಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿದ್ದ. ನನ್ನ ದನಿ ಕೇಳಿ ಎದ್ದು ನಿಂತ. ಅತ್ತಿಗೆ ಕಾಫಿ ಕೊಟ್ಟು, "ಫೋನ್ ಎತ್ತಲ್ಲ, ಏನಾಗಿತ್ತೇ ನಿಂಗೆ? ಇವರು ಊಟ ಸೇರ್ದೆ ಕೂತಿದ್ರು" ಎಂದು ಒಳಗೆ ಹೋದರು.

"ಕೂತ್ಕಾ ಅಣ್ಣ."

"ನೀನು ಕೂತ್ಕಾ ಮೊದ್ಲು."

"ಇಲ್ಲ. ಇವತ್ತು ನೀನೇ ಮೊದ್ಲು ಕೂತ್ಕಾ." ಕೂತ. "ಅಣ್ಣ, ಹದಿನೇಳನೇ ಅಧ್ಯಾಯ ನಾನು ಓದಿ ತೆಗೆದಿದ್ದಲ್ಲ. ಹನ್ನೆರಡು ಫಾರಂಗೆ ಎಂಟು ಪುಟ ಹೆಚ್ಚಾಗಿತ್ತು. ಮಾತಿಲ್ಲದ ಪುಟ ಹುಡುಕಿ ತೆಗ್ದೆ. ನಿನ್ನ ಬಟ್ಟೆ ಗಂಟೇ ಬಿಚ್ಚಿರ್ಲಿಲ್ಲ ನಾನು."

ಅವನ ಮುಖದಲ್ಲಿ ಏನಾಯಿತೆಂದು ಕಪ್ಪು ಕನ್ನಡಕದಿಂದಾಗಿ ಕಾಣಲಿಲ್ಲ. "ಚೀಟಿ?" ಎಂದ.

"ಅದನ್ನ ನೋಡಿದ್ದು ಮೊನ್ನೆ."

"ಹಂಗಾರೆ ಇಷ್ಟು ವರ್ಷ ನಾನು ಕೈ ಮುಗಿದಿದ್ದು ಕಾಗದದ ಅಭಾವಕ್ಕಾ?" ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು.

"ಅದೊಂದೇ ಅಲ್ಲ ಅಣ್ಣ. ನಿನ್ನ ಏಳರಲ್ಲಿ ಒಂದೂ ಓದಿಲ್ಲ ನಾನು."

"ಅದು ಗೊತ್ತಿತ್ತು."

"ಗೊತ್ತಿತ್ತಾ?"

"ಓದಿದೋಳು ಯಾರಾದ್ರೂ ಒಂದು ಸಲನಾದ್ರೂ ಚಲೋ ಇಲ್ಲ ಅಂತಿದ್ಲು. ನೀನು ಎಲ್ಲದಕ್ಕೂ ಚಲೋ ಇದೆ, ಚಲೋ ಇದೆ ಅಂತಿದ್ದೆ. ಆದ್ರೆ ಇದೊಂದನ್ನ ಓದಿದೀಯ ಅಂತ ತಿಳ್ಕಂಡಿದ್ದೆ." ಮೊಣಕಾಲ ಮೇಲಿದ್ದ ಕೈಗಳನ್ನು ಬಿಗಿಹಿಡಿದುಕೊಂಡ. "ಹಂಗಾರೆ ನೀನು ಮನ್ನಿಸಿಲ್ಲ."

"ನಂಗೆ ತಿಳಿದಿದ್ದೇ ಮೊನ್ನೆ. ಅವಸರ ಮಾಡ್ಬೇಡ. ಹೊಸ ಮುದ್ರಣದಲ್ಲಿ ಈ ಅಧ್ಯಾಯ ಇರ್ತದೆ. ನೇತ್ರಂಗೆ ಹೇಳಿ ಬಂದಿದೀನಿ."

"ಇರ್ಲಿ. ಇರ್ಬೇಕು."

"ನೇತ್ರಾ ಓದಿದಾಗ ಕಿವಿಗೆ ಬಿತ್ತು ಅಷ್ಟೇ. ನಾನೇ ಓದ್ಬೇಕು ಇದನ್ನ. ನೀನು ಕೇಳು."

ಚೀಲದಿಂದ ಹಾಳೆ ತೆಗೆದು ಕನ್ನಡಕ ಹಾಕಿಕೊಂಡೆ. ಗಟ್ಟಿಯಾಗಿ ಓದಿ ಎಷ್ಟೋ ಕಾಲವಾಗಿತ್ತು. ಅಕ್ಷರಗಳ ಮೇಲೆ ಬೆರಳಿಟ್ಟು, ಒತ್ತಕ್ಷರ ಬಂದಲ್ಲಿ ನಿಂತು ನಿಂತು, ಏಳನೇ ಕ್ಲಾಸಿನ ಹುಡುಗಿ ಓದುವ ಹಾಗೆ ಓದಿದೆ. ಅಣ್ಣ ಎಲ್ಲೂ ತಿದ್ದಲಿಲ್ಲ. ಎದ್ದೂ ಹೋಗಲಿಲ್ಲ. ಹುಡುಗ ಶಾಲೆ ಬಿಟ್ಟ, ಕೆರೆ ಏರಿ ದಾಟಿದ, ಕಲ್ಲಿನ ಬುಡ ಅಗೆದ, ಮನೆಯ ಮೆಟ್ಟಿಲು ಹತ್ತಿದ. ಆ ಸಾಲಿಗೆ ಬಂದೆ. ಮೇಷ್ಟ್ರು ಹೆಣ್ಣುಮಕ್ಕಳಿಗೆ ಎನ್ನುವವರೆಗೆ ಓದಿದೆ, ಮುಂದೆ ಹೊರಡಲಿಲ್ಲ.

ಅಣ್ಣ ಕಪ್ಪು ಕನ್ನಡಕ ತೆಗೆದ. ಬೆಳಕು ಚುಚ್ಚಿ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನನ್ನನ್ನೇ ನೋಡಿದ.

"ಜಾಗ ಇತ್ತು ಸರೋಜಾ" ಎಂದ. "ನಿಂಗೆ ಜಾಗ ಇತ್ತು."

"ಗೊತ್ತಾತು ಅಣ್ಣ" ಎಂದು ಮುಂದಿನ ಸಾಲು ಓದಿದೆ.